ಬೆವರುಗಲ್ಲಮ್ಮನ ಸಪ್ಪೆ ನೈವೇದ್ಯ

ಸಹ್ಯಾದ್ರಿಯ ಪಾದದಿಂದ ಇಳಿದು ಬರುವ ಹೊಳೆಯು ಪಶ್ಚಿಮ ಸಮುದ್ರವನ್ನು ಸೇರುವ ಅಳಿವೆಯ ಬಡಗಣ ದಡದಲ್ಲಿ, ಕಡಲಾಗರವೆಂಬ ಈ ಗ್ರಾಮದಲ್ಲಿ, ಸುರಹೊನ್ನೆಯ ಮಹಾವೃಕ್ಷದ ನೆರಳಿನಡಿ, ಗೋಪುರವಿಲ್ಲದೆ, ಗರ್ಭಗುಡಿಯೂ ಇಲ್ಲದೆ, ಕರಿಯ ಬಂಡೆಯೊಂದರ ರೂಪದಲ್ಲಿ ನೆಲೆನಿಂತು ಭಕ್ತಕೋಟಿಯನ್ನು ಪೊರೆಯುತ್ತಿರುವ ಶ್ರೀ ಬೆವರುಗಲ್ಲಮ್ಮನ ದಿವ್ಯಸನ್ನಿಧಿಗೆ ಸುಡುಬಿಸಿಲಿನಲ್ಲಿ ನಡೆದು ಬಂದಿರುವ ಭಕ್ತಾದಿಗಳೇ, ಮೊದಲು ಕುಳಿತುಕೊಳ್ಳಿ. ಪುರಾಣ ಎಲ್ಲಿಗೂ ಓಡಿಹೋಗುವುದಿಲ್ಲ. ಎಡಗಡೆಯ ಕಟ್ಟೆಯ ಮೇಲೆ ಮಣ್ಣಿನ ಕೊಡದಲ್ಲಿ ಮುರುಗಲು ಹಣ್ಣಿನ ಪಾನಕವಿದೆ, ಅದೇ ಇಲ್ಲಿಯ ತೀರ್ಥ. ಬೇರೆ ಕ್ಷೇತ್ರಗಳಲ್ಲಿ ತೀರ್ಥವನ್ನು ಅಂಗೈಯಲ್ಲಿ ಇಷ್ಟೇ ಇಷ್ಟು ಹಾಕುತ್ತಾರೆ, ಇಲ್ಲಿ ಚೊಂಬು ತುಂಬ ಕುಡಿಯದಿದ್ದರೆ ಬೈಯುತ್ತಾರೆ. ಅದಕ್ಕೆ ಉಪ್ಪು ಹಾಕಿದೆ, ಮೂಗು ಮುರಿಯಬೇಡಿ. ಉಪ್ಪು ಯಾಕೆ ಹಾಕಿದೆ ಎಂಬುದೇ ಈ ಸ್ಥಳದ ಮಹಿಮೆ. ಕುಡಿದು, ಬೆವರು ಒರೆಸಿಕೊಂಡು, ಆಮೇಲೆ ಓದಿರಿ.

ಪೂರ್ವಕಾಲದಲ್ಲಿ, ಸಮುದ್ರರಾಜನು ತನ್ನ ತೆರೆಗಳನ್ನು ಹಿಂದಕ್ಕೆಳೆದುಕೊಂಡು ಈ ಕರಾವಳಿಯೆಂಬ ಸೆರಗಿನಷ್ಟಗಲದ ಭೂಮಿಯನ್ನು ಮನುಷ್ಯರಿಗೆ ಬಿಟ್ಟುಕೊಟ್ಟ ಹೊಸತರಲ್ಲಿ, ಸೈಂಧವನೆಂಬ ನಾಮಧೇಯದಿಂದ ಪ್ರಖ್ಯಾತನಾದ, ಜಟಾವಲ್ಕಲಧಾರಿಯೂ ಜಿತೇಂದ್ರಿಯನೂ ಆದ ಮುನಿಯೊಬ್ಬನು, ಘಟ್ಟದ ಮೇಲಿನ ಚಳಿಯು ತನ್ನ ತಪಸ್ಸಿಗೆ ಸಾಲದೆಂದು ಭಾವಿಸಿ, ಪಂಚಾಗ್ನಿಮಧ್ಯದಲ್ಲಿ ಘೋರತಪವನ್ನಾಚರಿಸುವ ಸಂಕಲ್ಪದಿಂದ ಇಳಿದು ಬಂದು, ಅಳಿವೆಯ ದಡದ ಈ ಕರಿಬಂಡೆಯ ಮೇಲೆ ಆಸೀನನಾದನು. ಸುತ್ತ ನಾಲ್ಕು ಅಗ್ನಿ, ಮೇಲೆ ಸೂರ್ಯನೆಂಬ ಐದನೆಯ ಅಗ್ನಿ. ಪಾಪ, ಘಟ್ಟದ ಮೇಲಿನವನಿಗೆ ನಮ್ಮ ಕರಾವಳಿಯ ಸೆಕೆಯ ಸಂಗತಿ ಗೊತ್ತಿರಲಿಲ್ಲ. ಇಲ್ಲಿ ನಾಲ್ಕು ಅಗ್ನಿಗಳು ದಂಡ, ಸುಮ್ಮನೆ ಕೂತರೆ ಸಾಕು. ಮುನಿಯ ಮೈಯಿಂದ ಬೆವರು ಧಾರಾಕಾರವಾಗಿ ಹರಿದು, ಹೋಮಕುಂಡಗಳ ಬೆಂಕಿಯೆಲ್ಲ ನಂದಿಹೋಗಿ, ಆ ಬೆವರು ಬಂಡೆಯ ಕುಳಿಗಳಲ್ಲಿ ನಿಂತು, ಒಣಗಿ, ಮುತ್ತಿನ ಪುಡಿಯಂತೆ ಬೆಳ್ಳಗೆ ಹರಳುಗಟ್ಟಿತು.

ಆ ಹರಳುಗಳ ಹೊಳಪನ್ನು ಕಂಡು ಕುತೂಹಲಗೊಂಡ ಸಮುದ್ರರಾಜನ ಕಿರಿಯ ಮಗಳಾದ ಲವಣಾಂಬಿಕೆಯು ತೆರೆಗಳ ಮರೆಯಿಂದ ಎದ್ದು ಬಂದು ಮುನಿಯ ಮುಂದೆ ಪ್ರತ್ಯಕ್ಷಳಾಗಿ, ವರವನ್ನು ಬೇಡೆಂದಳು. ಮೋಕ್ಷವನ್ನು ಬೇಡಲೆಂದೇ ಅಷ್ಟು ದೂರ ಬಂದಿದ್ದ ಮುನಿಯು, ವರ್ಷಾನುಗಟ್ಟಲೆ ಸಪ್ಪೆ ಗೆಡ್ಡೆಗೆಣಸನ್ನೇ ತಿಂದಿದ್ದ ಕಾರಣವೋ ಏನೋ, ಬಾಯಿತಪ್ಪಿ, “ತಾಯೀ, ತಿನ್ನುವುದಕ್ಕೆ ಸ್ವಲ್ಪ ರುಚಿ ಕೊಡು” ಎಂದುಬಿಟ್ಟನು. ದೇವಿ ನಕ್ಕಳು. ಅಳಿವೆಯ ಉಪ್ಪುನೀರನ್ನು ಗದ್ದೆಯ ಹಾಗೆ ಮಡಿ ಕಟ್ಟಿ ನಿಲ್ಲಿಸುವ, ಬಿಸಿಲಿಗೆ ಬಿಟ್ಟು ಹರಳಾಗಿಸುವ, ಉದ್ದ ಹಿಡಿಯ ಹಲಗೆಯಿಂದ ಎಳೆದು ಗುಡ್ಡೆ ಹಾಕುವ ವಿದ್ಯೆಯನ್ನು ಅವಳು ಅಂದು ಕಲಿಸಿದಳು. ಆ ಮಡಿಗಳ ಬಯಲಿಗೇ ಆಗರವೆಂದು ಹೆಸರು. ಮುನಿಯ ಪ್ರಾರ್ಥನೆಯಂತೆ ದೇವಿ ಬಂಡೆಯಲ್ಲಿ ನೆಲೆಸಿದಳು, ಆಗರದ ಕೆಲಸ ಬಲ್ಲವರು ಸುತ್ತ ಮನೆ ಕಟ್ಟಿಕೊಂಡರು, ಊರಾಯಿತು.

ಮುನಿಯು ಹಿಂತಿರುಗುವ ಮುನ್ನ ಊರವರಿಗೆ ಒಂದು ವ್ರತವನ್ನು ವಿಧಿಸಿದನು. ಮಕರ ಸಂಕ್ರಮಣದ ದಿನ ಮನೆಮನೆಯವರೂ ತಮ್ಮ ಉಪ್ಪಿನ ಮರಿಗೆಯಲ್ಲಿ ಉಳಿದ ಹಳೆಯ ಉಪ್ಪನ್ನು ಅಳಿವೆಗೆ ಸುರಿದು, ಮರಿಗೆಯನ್ನು ತೊಳೆದು ಕವುಚಿಡಬೇಕು. ಫಾಲ್ಗುಣದ ಹೋಳಿ ಹುಣ್ಣಿಮೆಯಂದು ಹೊಸ ಉಪ್ಪಿನ ಮೊದಲ ಹಿಡಿಯನ್ನು ದೇವಿಯ ಬಂಡೆಗೆ ಅರ್ಪಿಸುವ ತನಕ ಆ ಊರಿನ ನಾಲಿಗೆಗೆ ಉಪ್ಪು ಮುಟ್ಟಕೂಡದು, ಒಣಮೀನೂ ಕೂಡದು. ಕೊಟ್ಟವಳು ಉಣ್ಣುವ ಮೊದಲು ಇಸಕೊಂಡವರು ಉಣ್ಣಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಮುನಿ ಈ ಮಾತು ಹೇಳಿದ್ದು. ಹೇಳಿದವನು ಮಾತ್ರ ಸೆಕೆ ತಡೆಯಲಾರದೆ ಮರುದಿನವೇ ಘಟ್ಟ ಹತ್ತಿದನೆಂದು ನಮ್ಮ ಹಿರಿಯರು ಇಂದಿಗೂ ಆಡಿಕೊಳ್ಳುತ್ತಾರೆ. ಇರಲಿ, ತಪಸ್ವಿಗಳ ವಿಷಯ ನಮಗೇಕೆ?

ಇದಕ್ಕೇ ಸಪ್ಪೆವ್ರತವೆಂದು ಹೆಸರಾಯಿತು. ಮಾಘಮಾಸದ ತಂಪಿನಲ್ಲಿ ಅದೇನೂ ಭಾರವಾಗಿರಲಿಲ್ಲ. ನೆರೆಯೂರಿನವರು, “ಉಪ್ಪು ಬೆಳೆಯುವ ಊರಿನಲ್ಲಿ ಸಪ್ಪೆ ಗಂಜಿ! ಹೋಗ್ರೋ!” ಎಂದು ಗೇಲಿ ಮಾಡಿದರೆ, ನಮ್ಮವರು ಎದೆಯುಬ್ಬಿಸಿ, “ನಿಮ್ಮ ಹಾಗೆ ಕಂಡ ಕೂಡಲೇ ಬಾಯಿಗೆ ಹಾಕುವವರಲ್ಲ ನಾವು” ಎನ್ನುತ್ತಿದ್ದರು. ತಲೆಮಾರುಗಳು ಹೀಗೆಯೇ ಕಳೆದವು.

ಅನಂತರ ಒಂದು ಕಾಲದಲ್ಲಿ, ಸಹಸ್ರಕಿರಣನೂ ಲೋಕಚಕ್ಷುವೂ ಆದ ಸೂರ್ಯಭಗವಾನನು, ಉತ್ತರಾಯಣದ ಆರಂಭದಲ್ಲಿ ತನ್ನ ರಥವನ್ನು ತಿರುಗಿಸಿಕೊಂಡು ನಿಧಾನವಾಗಿ ಬರುತ್ತಿದ್ದವನು, ಅಕಸ್ಮಾತ್ತಾಗಿ ಕೆಳಗೆ ನೋಡಲು, ಕಡಲಾಗರದ ಮಡಿಮಡಿಗಳಲ್ಲಿ ನಿಂತ ತೆಳುನೀರಿನಲ್ಲಿ ತನ್ನದೇ ಮುಖವು ಒಂದಕ್ಕೆ ನೂರಾಗಿ ಥಳಥಳಿಸುವುದನ್ನು ಕಂಡು ಮೋಹಪರವಶನಾಗಿ, ಋತುಧರ್ಮವನ್ನು ಮರೆತು, ವೈಶಾಖದಲ್ಲಿ ಬರಬೇಕಾದಷ್ಟು ಹತ್ತಿರಕ್ಕೆ ಮಾಘದಲ್ಲಿಯೇ ಬಂದು ನಿಂತುಬಿಟ್ಟನು. ಕನ್ನಡಿಯ ಮುಂದೆ ನಿಂತವರಿಗೆ ಹೊತ್ತು ಗೊತ್ತಾಗುತ್ತದೆಯೇ? ದೇವರಾದರೂ ಅಷ್ಟೆ.

ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡುತ್ತದೆಂಬುದು ಲೋಕರೂಢಿ. ಆ ವರ್ಷ ಅದು ಶಿವರಾತ್ರಿಗೆ ಕಾಯಲೂ ಇಲ್ಲ, ಶಿವನಾಮ ಹೇಳಲೂ ಇಲ್ಲ, ಹೇಳದೆ ಕೇಳದೆ ಹೋಯಿತು. ಮಾವಿನ ಹೂವು ಕರಟಿ ಉದುರಿತು. ಕಾಗೆಗಳು ಕೊಕ್ಕು ತೆರೆದುಕೊಂಡೇ ಕೂತವು. ಮಾಘಸ್ನಾನಕ್ಕೆ ಹೊಳೆಗಿಳಿದ ಮುದುಕರು ನೀರು ಬೆಚ್ಚಗಿದೆಯೆಂದು ಮೊದಲು ಸಂತೋಷಪಟ್ಟು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲಕ್ಕಿಂತ ಹೆಚ್ಚಿನದು ಗಾಳಿಯ ಸಂಗತಿ. ಈ ಕರಾವಳಿಯಲ್ಲಿ ಬೆಳಗ್ಗೆ ಬೆಟ್ಟದ ಕಡೆಯಿಂದ ಮೂಡಣ ಗಾಳಿ, ಹೊತ್ತು ನೆತ್ತಿಗೇರುವಾಗ ಕಡಲಿನಿಂದ ಪಡುವಣ ಗಾಳಿ. ಆ ಪಡುಗಾಳಿ ಬಂದರೆ ಜೀವ ಬಂದಂತೆ. ಆ ವರ್ಷ ಬೆಟ್ಟದ ಒಣಗಾಳಿಯೇ ಹಗಲಿಡೀ ಬೀಸಿ, ಪಡುಗಾಳಿಯು ಬರಲೋ ಬೇಡವೋ ಎಂದು ದೂರದ ನೀರಿನ ಮೇಲೆಯೇ ನಿಂತಿತು. ನೆಲವೂ ಕಾದಿತ್ತು, ನೀರೂ ಕಾದಿತ್ತು, ನೆರಳೂ ಕಾದಿತ್ತು.

ಇಂಥ ಹೊತ್ತಿನಲ್ಲಿ ಬೇರೆ ಊರಿನವರಾಗಿದ್ದರೆ ಹೆದರುತ್ತಿದ್ದರು. ನಮ್ಮವರು ಹೆದರಲಿಲ್ಲ, ಹಿಗ್ಗಿದರು! ಯಾಕೆಂದರೆ ಹೋಳಿ ಹತ್ತಿರವಾದಾಗ ಹರಳುಗಟ್ಟಬೇಕಾದ ಉಪ್ಪು ಮಾಘದಲ್ಲಿಯೇ ಮಡಿಗಳ ತುಂಬ ಮಲ್ಲಿಗೆ ಚೆಲ್ಲಿದ ಹಾಗೆ ಬಿದ್ದಿತ್ತು. “ತಾಯಿ ಒಲಿದಳು, ಎರಡು ಬೆಳೆ ಕೊಟ್ಟಳು” ಎಂದು ಹಲಗೆ ಹಿಡಿದು ಉರಿಬಿಸಿಲಿನಲ್ಲಿಯೇ ಎಳೆದರು, ಗುಡ್ಡೆ ಹಾಕಿದರು, ತೆಂಗಿನ ಮಡಲು ಮುಚ್ಚಿದರು. ಮನೆಗೆ ಬಂದು ಉಂಡದ್ದು ಸಪ್ಪೆ ಗಂಜಿ. ಉಪ್ಪು ಬೇಗ ಬಂದರೂ ಹುಣ್ಣಿಮೆ ಬೇಗ ಬರಲಿಲ್ಲವಲ್ಲ!

ಬೆವರಿನಲ್ಲಿ ಮೈಯ ಉಪ್ಪೆಲ್ಲ ಹರಿದುಹೋಯಿತು, ತಿರುಗಿ ತುಂಬುವ ದಾರಿಯನ್ನು ಸಪ್ಪೆವ್ರತವು ಮುಚ್ಚಿತ್ತು. ಬಾಯಾರಿತೆಂದು ನೀರು ಕುಡಿದರು, ಕೊಡಗಟ್ಟಲೆ ಕುಡಿದರು. ಕುಡಿದಷ್ಟೂ ತಲೆ ತಿರುಗಿತು, ಕಾಲಿನ ಮೀನಖಂಡ ಸೆಟೆಯಿತು, ಕುಡಿದ ನೀರು ವಾಂತಿಯಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಎಲ್ಲರಿಗೂ ಗೊತ್ತು. ನೀರು ಕುಡಿದವನು ಉಪ್ಪು ತಿನ್ನಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಮಧ್ಯಾಹ್ನ ಅಡ್ಡಾದ ಮುದುಕರಿಬ್ಬರು ಸಂಜೆ ಏಳಲಿಲ್ಲ. ಉಪ್ಪಿನ ಗುಡ್ಡೆಗಳ ನಡುವೆ ಉಪ್ಪಿಲ್ಲದೆ ಜನ ಸಾಯತೊಡಗಿದರು.

ಆ ಊರಿನಲ್ಲಿ ಬೀರಮ್ಮನೆಂಬ ವಿಧವೆಯಿದ್ದಳು. ಸಪ್ಪೆವ್ರತದ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಮತ್ತೊಬ್ಬರಿಲ್ಲ. ಉಪ್ಪಿನ ಮರಿಗೆಯನ್ನು ಬರೀ ತೊಳೆದರೆ ಅವಳಿಗೆ ಸಮಾಧಾನವಿಲ್ಲ, ಬೂದಿ ಹಾಕಿ ತಿಕ್ಕಿ, ಮೂಸಿ ನೋಡಿ, ಮತ್ತೊಮ್ಮೆ ತಿಕ್ಕುವಳು. ಊರಿನ ಗುನಗ, ಎಂದರೆ ದೇವಿಯ ಪೂಜಾರಿ, ಹಮ್ಮು ಎಂಬವನು ಕೂಡ ವ್ರತದಲ್ಲೇನಾದರೂ ಸಂಶಯ ಬಂದರೆ ಅವಳನ್ನೇ ಕೇಳುತ್ತಿದ್ದ. ಅವಳ ಒಬ್ಬನೇ ಮಗ ಹಾಯಿದೋಣಿಯಲ್ಲಿ ತೆಂಕಣ ಬಂದರಿಗೆ ಹೋಗಿದ್ದ, ಹೋಳಿಗೆ ಬರುವವನು. ಮನೆಯಲ್ಲಿದ್ದವರು ಬೀರಮ್ಮ ಮತ್ತು ಅವಳ ಸೊಸೆ ಸೋಮಿ. ಸೋಮಿ ತುಂಬಿದ ಬಸುರಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಹರಕೆಯ ಮೇಲೆ ಹರಕೆ ಹೊತ್ತು, ಅಂತೂ ನಿಂತ ಬಸುರು.

ಅತ್ತೆಸೊಸೆಯರೆಂದರೆ ಹಾವುಮುಂಗುಸಿ ಎಂದುಕೊಳ್ಳಬೇಡಿ. ಬೀರಮ್ಮನ ಬಾಯಿ ಮಾತ್ರ ಜೋರು. ಸೊಸೆಯನ್ನು ಬೈಯದೆ ಅವಳಿಗೆ ಬೆಳಗಾಗುತ್ತಿರಲಿಲ್ಲ, ಸೊಸೆಗೆ ಬಡಿಸದೆ ಒಂದು ತುತ್ತು ಇಳಿಯುತ್ತಿರಲಿಲ್ಲ.

“ಮನೇಲಿ ಕೂತ್ಕೋ ಅಂದ್ರೆ ಕೇಳ್ತೀಯೇನೆ? ಹಲಗೆ ಎಳೆಯೂಕೆ ನಾ ಇಲ್ವಾ?” ಎಂದು ಅತ್ತೆ ಗದರಿದರೆ, ಸೊಸೆ, “ನಿಮ್ಮ ಸೊಂಟ ನೋಡ್ಕಳ್ಳಿ ಅತ್ತೆ, ಆಮೇಲೆ ನಂಗೆ ಹೇಳಿ” ಎಂದು ನಗುತ್ತಾ ಹಿಂದೆಯೇ ಬರುವಳು. ಬಸುರಿಯ ಬಯಕೆಗೆ ಬೀರಮ್ಮ ಎಳೆಮಾವು ತಂದಳು, ಹುಣಸೆಕಾಯಿ ತಂದಳು. ಸೋಮಿ ಅದನ್ನೆಲ್ಲ ಹಿಡಿದು ನೋಡಿ, ಮೆಲ್ಲಗೆ, “ಅತ್ತೆ, ಒಂದು ಹರಳು ಉಪ್ಪು ಸಿಕ್ಕಿದ್ರೆ...” ಎಂದಳು.

“ಛೀ! ಬಾಯ್ ತೊಳ್ಕೋ. ಹುಣ್ಣಿಮೆ ತನಕ ಆ ಹೆಸರು ಎತ್ತಬೇಡ, ಮಾರಾಯ್ತಿ,” ಎಂದಳು ಬೀರಮ್ಮ. ಅಂದೇ ಮಧ್ಯಾಹ್ನ, ಮಡಿಯ ಬದುವಿನ ಮೇಲೆ ಕೂತ ಸೋಮಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ತನ್ನ ಮುಂಗೈಯ ಬೆವರನ್ನು ನಾಲಿಗೆಯಿಂದ ನೆಕ್ಕಿಕೊಳ್ಳುವುದನ್ನು ಬೀರಮ್ಮ ಕಂಡಳು. ಕಂಡೂ ಕಾಣದವಳಂತೆ ಆಚೆ ತಿರುಗಿದಳು. ಆ ರಾತ್ರಿ ಅವಳು ಗಂಜಿ ಉಣ್ಣಲಿಲ್ಲ.

ಮರುದಿನ, ಶಿವರಾತ್ರಿ ಇನ್ನೂ ಬರಬೇಕೆನ್ನುವಾಗ, ಸೂರ್ಯನು ನಡುನೆತ್ತಿಯಲ್ಲಿ ನಿಂತು ಕೆಳಗಿನ ಕನ್ನಡಿಗಳಲ್ಲಿ ತನ್ನನ್ನು ತಾನು ನೋಡಿಕೊಳ್ಳುತ್ತ ಮೈಮರೆತಿರಲು, ಪಡುಗಾಳಿಯ ಒಂದು ಎಳೆಯೂ ಏಳದಿರಲು, ಆಗರದ ಬಯಲೆಲ್ಲ ಹುರಿಯುವ ಹೆಂಚಿನಂತೆ ಉರಿಯುತ್ತಿರಲು, ಸೋಮಿಯ ಕೈಯಿಂದ ಹಲಗೆ ಜಾರಿತು. ಅವಳು ಬದುವಿನ ಮೇಲೆ ಕುಸಿದಳು. ಬೀರಮ್ಮ ಓಡಿಬಂದು ಮುಟ್ಟಿದರೆ ಮೈ ಕೆಂಡ, ಚರ್ಮ ಒಣಕಲು, ಕೈಕಾಲು ಸೆಟೆದು ತಿರುಚುತ್ತಿದ್ದವು. “ಸೋಮೀ! ಏ ಮಗಾ!” ಎಂದರೆ ಕಣ್ಣು ತೆರೆದು ನೋಡಿ, ಗುರುತು ಹಿಡಿಯದೆ, “ಯಾರು?” ಎಂದಳು. ಆ ಒಂದು ಮಾತಿಗೆ ಬೀರಮ್ಮನ ಜೀವ ಹಾರಿಹೋಯಿತು.

ತುಂಬಿದ ಬಸುರಿಯನ್ನು ಆ ಮುದುಕಿ ಹೇಗೆ ಎತ್ತಿದಳೋ, ದೇವಿಗೇ ಗೊತ್ತು. ಎತ್ತಿಕೊಂಡು ಬಂದು ಇದೇ ಸುರಹೊನ್ನೆಯ ಬುಡದಲ್ಲಿ, ಇದೇ ಬಂಡೆಯ ಪಕ್ಕದಲ್ಲಿ ಮಲಗಿಸಿದಳು. ಒದ್ದೆ ಸೆರಗನ್ನು ಮೈಗೆ ಸುತ್ತಿದಳು, ಗಾಳಿ ಬೀಸಿದಳು. ಕುಡಿಸಿದ ನೀರೆಲ್ಲ ಆಚೆಗೆ ಬಂತು. ಜನ ಸೇರಿದರು. ಮೊನ್ನೆ ಮುದುಕರಿಬ್ಬರೂ ಹೀಗೆಯೇ ಹೋದದ್ದೆಂದು ಯಾರೋ ಪಿಸುಗುಟ್ಟಿದರು.

ಬಂಡೆಯ ಬುಡದಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಹುಣ್ಣಿಮೆಯ ಅರ್ಪಣೆಗೆಂದು ತೆಗೆದಿಟ್ಟ ಮೊದಲ ಉಪ್ಪು ಬುಟ್ಟಿಯಲ್ಲಿತ್ತು. ಬೀರಮ್ಮನ ಕಣ್ಣು ಅದರ ಮೇಲೆ ಬಿತ್ತು. ನಿನ್ನೆ ಕಂಡ ಆ ಮುಂಗೈ ನೆನಪಾಯಿತು. ಮೈ ಕೇಳಿದ್ದನ್ನು ತಾನು ಕೊಡಲಿಲ್ಲವೆಂಬುದು ಆ ಕ್ಷಣ ಅವಳಿಗೆ ಹೊಳೆಯಿತು. ಅವಳ ಕೈ ಮುಂದೆ ಹೋದದ್ದನ್ನು ಕಂಡು ಹಮ್ಮು ಗುನಗ ಅಡ್ಡ ಬಂದ. ಅವನಾದರೂ ಕೆಟ್ಟವನಲ್ಲ, ಅವನ ನಾಲಿಗೆಯೂ ಒಣಗಿ ಬಿರಿದಿತ್ತು.

“ಬೀರಕ್ಕಾ, ಎಂತ ಮಾಡ್ತಿದ್ದಿ? ಅದು ತಾಯಿದು!”

“ಗೊತ್ತುಂಟು ಹಮ್ಮಣ್ಣ. ನಿಂಗಿಂತ ಚಲೋ ಗೊತ್ತುಂಟು.”

“ಊರಿಗೆ ಊರೇ ಸುಟ್ಟುಹೋಗ್ತದೆ, ಅಕ್ಕಾ. ಮುನಿ ಮಾತು ಅದು.”

“ಸುಟ್ಟು ಹೋಗೂಕೆ ಇನ್ನೆಂತ ಉಳಿದಿದೆಯಾ? ನೋಡಾ ಇವಳನ್ನ!” ಎಂದು ಅಳುತ್ತ ಸೊಸೆಯ ಮುಖವನ್ನು ಅವನ ಕಡೆಗೆ ತಿರುಗಿಸಿದಳು. ಗುನಗ ಸೋಮಿಯ ಮುಖ ನೋಡಿದ. ಅಡ್ಡ ಹಿಡಿದ ಕೈ ತಾನಾಗಿಯೇ ಕೆಳಗಿಳಿಯಿತು. ಪಕ್ಕಕ್ಕೆ ಸರಿದು ನಿಂತು ಅವನೂ ಅತ್ತ.

ಬೀರಮ್ಮ ಬುಟ್ಟಿಯಿಂದ ಚಿಟಿಕೆ ಉಪ್ಪು ತೆಗೆದಳು. ಮಧ್ಯಾಹ್ನಕ್ಕೆಂದು ತಂದಿದ್ದ ಮಡಕೆಯ ಗಂಜಿಯ ತಿಳಿಗೆ ಹಾಕಿ, ಸೆಕೆಗೆ ಬೇಗನೆ ಹಣ್ಣಾಗಿ ಉದುರಿದ್ದ ಮುರುಗಲನ್ನು ಅದಕ್ಕೆ ಹಿಂಡಿ, ಬೆರಳಲ್ಲಿ ಕದಡಿದಳು. ಆಮೇಲೆ ಬಂಡೆಯ ಕಡೆಗೆ ತಿರುಗಿ, ಊರೆಲ್ಲ ಕೇಳುವಂತೆ ಹೇಳಿದಳು:

“ತಾಯೀ, ನಿನ್ನ ಉಪ್ಪು ಕದ್ದೆ. ಕದ್ದವಳು ನಾನು, ಬೀರಿ. ಈ ಹುಡುಗಿ ಕೇಳಿದ್ದು ಹೌದು, ನಾ ಬೈದದ್ದೂ ಹೌದು, ಕೊಡ್ಲಿಲ್ಲ. ಶಾಪ ಕೊಡೂದಿದ್ರೆ ನನ್ನ ನಾಲಿಗೆಗೆ ಕೊಡು, ಇವಳ ಹೊಟ್ಟೆಗೆ ಬೇಡ. ನೀನೂ ಹೆಣ್ಣು, ನಿಂಗೆ ತಿಳೀತದೆ. ತಿಳಿಯದಿದ್ರೆ ನೀನು ಎಂತ ತಾಯಿ?”

ಹೀಗೆ ದೇವಿಯನ್ನೇ ಬೈದು, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಗುಟುಕು ಹಾಕಿದಳು. ಮೊದಲ ಗುಟುಕು ತುಟಿಯಿಂದ ಇಳಿಯಿತು. ಎರಡನೆಯದು ನಿಂತಿತು. ನಡುನಡುವೆ ಒದ್ದೆ ಬಟ್ಟೆ ಬದಲಿಸುತ್ತ, ಗಾಳಿ ಹಾಕುತ್ತ, “ಕುಡಿ ಮಗಾ, ಉಪ್ಪಿದೆ ನೋಡು, ನೀ ಕೇಳಿದ್ದು” ಎನ್ನುತ್ತ, ಮತ್ತೆ ಮತ್ತೆ ಹಾಕಿದಳು. ಸೆಟೆದ ಬೆರಳು ಮೆಲ್ಲಗೆ ಬಿಚ್ಚಿಕೊಂಡವು. ಹಣೆಯ ಮೇಲೆ ಬೆವರು ಮೂಡಿತು. ಎಷ್ಟೋ ಹೊತ್ತಿನ ಮೇಲೆ ಸೋಮಿ ಕಣ್ಣು ತೆರೆದು, ತುಟಿ ಸವರಿಕೊಂಡು, “ಅತ್ತೆ, ಇನ್ನೂ ಹುಣ್ಣಿಮೆ ಆಗ್ಲಿಲ್ಲಲ್ಲಾ?” ಎಂದಳು.

“ಆಯ್ತು ಮಗಾ, ಆಯ್ತು. ನಂಗೆ ಈಗ್ಲೇ ಹುಣ್ಣಿಮೆ,” ಎಂದು ಬೀರಮ್ಮ ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಸೋಮಿಯ ಹೊಟ್ಟೆಯೊಳಗಿನದು ಒಂದು ಸಲ ಒದೆಯಿತು. ಅಪ್ಪಿಕೊಂಡ ಬೀರಮ್ಮನಿಗೂ ಆ ಒದೆ ತಾಗಿತು.

ಆಗ ನಡೆಯಿತು ಆಶ್ಚರ್ಯ. ಒಂದು ತುಣುಕು ಮೋಡವಿಲ್ಲದ, ಪಡುಗಾಳಿಯ ಒಂದು ಎಳೆಯಿಲ್ಲದ ಆ ಉರಿಯಲ್ಲಿ, ಮುಟ್ಟಿದರೆ ಬೊಬ್ಬೆಯೇಳುವಷ್ಟು ಕಾದಿದ್ದ ಈ ಕರಿಬಂಡೆಯು, ಸರ್ವರೂ ನೋಡನೋಡುತ್ತಿರುವಂತೆಯೇ, ನೆತ್ತಿಯಿಂದ ಬುಡದವರೆಗೆ ಹನಿಹನಿಯಾಗಿ ಬೆವರತೊಡಗಿತು. ಗುನಗ ಅಡ್ಡಬಿದ್ದ. ಜನರೆಲ್ಲ ಕೈಮುಗಿದರು. ಬಂಡೆಯೊಳಗಿಂದ, ಸಮುದ್ರಘೋಷದಂತೆ ಗಂಭೀರವಾದರೂ ಹೆತ್ತವಳ ದನಿಯಂತೆ ಮೃದುವಾದ ವಾಣಿಯು ಹೊರಟಿತು:

“ಬೀರೂ, ಅಳಬೇಡ. ನನಗೆ ಮುಡಿಪಾದ ಉಪ್ಪು ನನಗೇ ಮುಟ್ಟಿತು. ಸಂಕ್ರಮಣದಿಂದ ನಿಮ್ಮೆಲ್ಲರ ಒಣಗಿದ ಬಾಯಿಗಳಲ್ಲಿ ಕುಳಿತು ಕೈಯೊಡ್ಡಿದವಳು ನಾನೇ. ಗುಡ್ಡೆಗೆ ಮಡಲು ಮುಚ್ಚಿದಿರಲ್ಲದೆ ನನ್ನ ಬಾಯಿಗೆ ಹಾಕಿದವರಿಲ್ಲ. ಈ ಬಿಸಿಲನ್ನು ಒಲವೆಂದುಕೊಂಡಿರಿ. ಇದು ನನ್ನ ಒಲವಲ್ಲ, ಸೂರ್ಯನ ಮರೆವು.”

ಹೀಗೆಂದು ದೇವಿಯು ಮೇಲೆ ನೋಡಿ, ತ್ರಿಲೋಕವಂದ್ಯನಾದ ಆದಿತ್ಯನನ್ನು ಮನೆಯ ಹುಡುಗನನ್ನು ಗದರಿಸುವಂತೆ ಗದರಿಸಿದಳು: “ಮುಖ ನೋಡಿಕೊಳ್ಳುವ ಹುಚ್ಚಿದ್ದರೆ ಬೆಳಗ್ಗೆ ಬಂದು ನೋಡಿಕೋ. ನನ್ನ ಮಕ್ಕಳ ನೆತ್ತಿಯ ಮೇಲೆ ನಿಲ್ಲಬೇಡ.” ಸೂರ್ಯನು ನಾಚಿ ಹಿಂದೆ ಸರಿದನು. ಪಡುಗಾಳಿಯು ತಪ್ಪು ಮಾಡಿದವರ ಹಾಗೆ ತೆರೆಗಳ ಮೇಲೆ ಮೆಲ್ಲನೆ ಬಂದು, ಮೊದಲು ಸೋಮಿಯ ಕೂದಲನ್ನು ಅಲುಗಿಸಿತು. ಆದರೆ ಸೂರ್ಯನ ಸ್ವಭಾವವನ್ನು ದೇವಿ ಬಲ್ಲಳು. ಅವನು ಮತ್ತೆ ಮರೆಯುವವನೇ. ಆದ್ದರಿಂದ ಅವಳು ನುಡಿದಳು: “ಋತುವಿಗೆ ಮೊದಲು ಉರಿ ಬಂದ ವರ್ಷ ನಿಮಗಿಂತ ಮೊದಲು ನಾನು ಬೆವರುತ್ತೇನೆ. ಈ ಮರಕ್ಕೊಂದು ಗಂಟೆ ಕಟ್ಟಿ, ಬಂಡೆ ಬೆವರಿತೆಂದರೆ ಹೊಡೆಯಿರಿ. ಗಂಟೆ ಕೇಳಿದವರು ಹಲಗೆ ಬಿಟ್ಟು ನೆರಳಿಗೆ ಬನ್ನಿರಿ. ಪಡುಗಾಳಿ ಏಳುವ ತನಕ ಮಡಿಗೆ ಇಳಿಯಬೇಡಿರಿ. ಉಪ್ಪು ನಾಳೆಯೂ ಬೆಳೆಯುತ್ತದೆ.”

ಹಮ್ಮು ಗುನಗ ಕೇಳಿದ: “ತಾಯೀ, ಮುನಿಯ ವ್ರತ? ಅದು ಮುರಿದುಹೋಯ್ತಲ್ಲಾ?”

“ತಪಸ್ವಿಯ ಮಾತು ಬೀಳಬಾರದು. ವ್ರತವನ್ನು ನಾನು ಹಿಡಿಯುತ್ತೇನೆ. ಇಂದಿನಿಂದ ನನ್ನ ನೈವೇದ್ಯಕ್ಕೆ ಉಪ್ಪು ಹಾಕಬೇಡಿರಿ. ನನ್ನ ಪಾಲಿನ ಉಪ್ಪು ಬಿಸಿಲಿನಲ್ಲಿ ದುಡಿಯುವವರ ನಾಲಿಗೆಗೆ ಸಲ್ಲಲಿ.”

ಇಷ್ಟು ಹೊತ್ತು ಶಿಕ್ಷೆಗೆ ಕಾದಂತೆ ತಲೆ ತಗ್ಗಿಸಿದ್ದ ಬೀರಮ್ಮ ಈ ಮಾತಿಗೆ ಥಟ್ಟನೆ ಎದ್ದಳು. “ಅಯ್ಯೋ, ಸಪ್ಪೆ ಹೆಂಗೆ ಉಣ್ತೀಯೇ ತಾಯೀ? ನಾ ಉಂಡು ನೋಡಿದ್ದೇನೆ, ಗಂಟಲಲ್ಲಿ ಇಳಿಯೂದಿಲ್ಲ. ಈ ಹುಣ್ಣಿಮೆ ತನಕ ಮಾತ್ರ ಅಲ್ದಾ? ಆಮೇಲೆ ಹಾಕ್ಬಹುದಲ್ಲಾ?”

ಬಂಡೆ ಮಾತಾಡಲಿಲ್ಲ. ಬೀರಮ್ಮ ಮತ್ತೆ ಕೇಳಿದಳು, ಬೈದೂ ನೋಡಿದಳು. ಎಲ್ಲಿಯವರೆಗೆ ಎಂದು ತಾಯಿ ಹೇಳದೆಯೇ ಹೋದಳು.

ಹೋಳಿಗೆ ಮಗ ಬಂದ. ದಿನ ತುಂಬಿ ಸೋಮಿ ಹೆಣ್ಣು ಹೆತ್ತಳು. ಮಗುವಿಗೆ ಲವಣಿ ಎಂದೇ ಹೆಸರಿಟ್ಟರು, ಅವಳ ಬೆನ್ನಿಗೆ ಗಂಡೂ ಹುಟ್ಟಿತು. ಬೀರಮ್ಮ ಬದುಕಿರುವ ತನಕ ಗಂಟೆಯ ಹಗ್ಗವನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಅವಳ ಅನಂತರ ಆ ಅಧಿಕಾರ ಸೋಮಿಗೆ, ಸೋಮಿಯಿಂದ ಅವಳ ಸೊಸೆಗೆ. ಹೀಗೆ ಅತ್ತೆಯಿಂದ ಸೊಸೆಗೆ ಬರುತ್ತಿರುವ ಆ ಗಂಟೆಯು ನಿಮ್ಮ ತಲೆಯ ಮೇಲಿನ ಕೊಂಬೆಯಲ್ಲಿ ತೂಗುತ್ತಿದೆ. ದಯವಿಟ್ಟು ಸುಮ್ಮನೆ ಬಾರಿಸಬೇಡಿ. ಬಾರಿಸಿದರೆ ಆಗರದವರೆಲ್ಲ ಕೆಲಸ ಬಿಟ್ಟು ಓಡಿ ಬರುತ್ತಾರೆ, ಆಮೇಲೆ ಬೈಗುಳ ನಿಮಗೇ.

ಭಕ್ತಾದಿಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಸೆಕೆ ಮುಂಚಿತವಾಗಿ ಬಂದ ವರ್ಷಗಳಲ್ಲಿ ಬಂಡೆಯು ಬೆವರುವುದನ್ನು ಇಂದಿಗೂ ಪ್ರತ್ಯಕ್ಷ ಕಾಣಬಹುದು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಆ ಬೆವರು ಉಪ್ಪು. ಸಪ್ಪೆ ಉಣ್ಣುವವಳ ಬೆವರು ಉಪ್ಪು ಹೇಗಾಯಿತೆಂದು ಮಕ್ಕಳು ಕೇಳುತ್ತಾರೆ. “ನಾವು ಬೆವರಿದ್ದೆಲ್ಲ ಅವಳ ಮೈಗೇ ಹೋಗ್ತದೆ ಮಗಾ” ಎಂದು ನಮ್ಮ ಮುದುಕಿಯರು ಹೇಳುತ್ತಾರೆ. ಹೊರಗಿನಿಂದ ಬಂದ ಹೆಂಗಸರು ಕನಿಕರದಿಂದ ನೈವೇದ್ಯದ ಎಲೆಯ ಅಂಚಿಗೆ ಗುಟ್ಟಾಗಿ ಎರಡು ಹರಳು ಇಟ್ಟುಹೋಗುವುದುಂಟು. ಗುನಗರು ಅದನ್ನು ತೆಗೆದಿಡುತ್ತಾರೆ. ಗದರಿಸುವುದಿಲ್ಲ, ಅವರಿಗೂ ಆ ಆಸೆ ಇದ್ದೇ ಇದೆ.

ಪ್ರತಿವರ್ಷ ಹೋಳಿ ಹುಣ್ಣಿಮೆಯ ದಿನ, ಪಡುಗಾಳಿ ಎದ್ದ ಮೇಲೆ, ಊರಿನವರೆಲ್ಲ ಈ ಮರದ ಕೆಳಗೆ ಸೇರುತ್ತಾರೆ. ವಾದ್ಯವಿಲ್ಲ, ಮಂತ್ರವಿಲ್ಲ. ಅಗಲ ಎಲೆಯಲ್ಲಿ ಬಿಸಿಬಿಸಿ ಸಪ್ಪೆ ಗಂಜಿಯನ್ನು ಬಂಡೆಯ ಮುಂದಿಡುತ್ತಾರೆ. ಗಂಟೆಯ ಅಧಿಕಾರದ ಹಿರಿಯ ಅತ್ತೆಯು ಹೊಸ ಉಪ್ಪಿನ ಒಂದು ಹರಳನ್ನು ಬೆರಳಲ್ಲಿ ಹಿಡಿದು, ಬೀರಮ್ಮ ಕೇಳಿದ್ದನ್ನೇ ಕೇಳುತ್ತಾಳೆ: “ಈ ವರ್ಷ ಹಾಕ್ಲಾ, ತಾಯೀ?”

ಎಲ್ಲರೂ ಉಸಿರು ಹಿಡಿದು ಕಾಯುತ್ತಾರೆ. ಎಳೆಮಕ್ಕಳೂ ಅಳುವುದಿಲ್ಲ. ಆಗರದ ಮೇಲಿನಿಂದ ಗಾಳಿಯ ಸದ್ದು ಬರುತ್ತದೆ, ಅಷ್ಟೆ. ಬಿಸಿಲಿನಲ್ಲಿ ದುಡಿಯುವವರು ಲೋಕದಲ್ಲಿ ಇನ್ನೂ ಇದ್ದಾರಲ್ಲ, ತಾಯಿ ಹೇಗೆ ಹೂಂ ಎಂದಾಳು? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಮಾತನ್ನು ಊರೂರಲ್ಲಿ ಹೇಳುತ್ತಾರೆ. ಆ ಎರಡರಲ್ಲಿ ಒಂದನ್ನು ಇನ್ನೊಂದು ನಮಗಾಗಿ ಬಿಟ್ಟುಕೊಟ್ಟದ್ದು ಇಲ್ಲಿ.

ಕೊನೆಗೆ ಅತ್ತೆ ಕಣ್ಣೊರೆಸಿಕೊಂಡು, ಪಕ್ಕದಲ್ಲಿ ನಿಂತ ಸೊಸೆಯ ಕಡೆ ತಿರುಗಿ, “ಬಾಯಿ ತೆಗಿಯೇ” ಎಂದು ಆ ಹರಳನ್ನು ಅವಳ ನಾಲಿಗೆಯ ಮೇಲೆ ಇಡುತ್ತಾಳೆ.